ಚೀಟಿ ಅಂಟಿಸದ ಸಿರಿಂಜು

೧೪ ಜುಲೈ, ಭಾನುವಾರ

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರಿಸಲು ಕೈ ಬರಲಿಲ್ಲ. ಕೆಲಸ ಜಾಸ್ತಿ ಇತ್ತು ಎಂದರೆ ನೀನು ನಂಬಿಬಿಡುತ್ತೀಯ, ಅದಕ್ಕೇ ಹಾಗೆ ಹೇಳುವುದಿಲ್ಲ. ಭಾವನ ಮಂಡಿನೋವು ಹೇಗಿದೆ? ನಾಯಿಗೆ ಕೊಡುವ ಮಾತ್ರೆಯನ್ನೇ ನನಗೂ ಕೊಡು ಎಂದು ಈಗಲೂ ಗೋಳುಹೊಯ್ದುಕೊಳ್ಳುತ್ತಾರೆಯೇ?

"ನಮ್ಮ ಗುಂಡನಿಗಾಗಿ ನಿನ್ನ ಕೈಲಾದದ್ದೆಲ್ಲ ಮಾಡಿದೆ" ಎಂದು ಬರೆದಿದ್ದೀಯ. ಓದಿ ನಾಚಿಕೆಯಿಂದ ಹಿಡಿಯಷ್ಟಾದೆ. ಮಗಳು ಪುಟ್ಟಿ ಸರಿಯಾಗಿ ಉಣ್ಣುತ್ತಿಲ್ಲ, ಬೆಣ್ಣೆ ಡಬ್ಬ ಕಂಡರೆ ಎದ್ದುಹೋಗುತ್ತಾಳೆ ಎಂದೂ ಬರೆದಿದ್ದೀಯ. ಅವಳು ನಾಯಿಗೆಂದು ಕದ್ದು ತಿನ್ನಿಸಿದ ಬೆಣ್ಣೆಯಿಂದ ಗುಂಡನಿಗೆ ವಾಂತಿ ಹತ್ತಿದ್ದು ನಿಜ. ಆದರೆ ಅದು ವಾಸಿಯಾಗುತ್ತಿತ್ತು ಅಕ್ಕ. ಅವನು ಸತ್ತದ್ದು ನನ್ನ ಕೈಯಿಂದ.

ವಾಂತಿಯಲ್ಲಿ ಕಳೆದುಹೋದ ಪೊಟ್ಯಾಸಿಯಂ ಅನ್ನು ಡ್ರಿಪ್ಪಿಗೆ ಬೆರೆಸಿ ಹನಿಹನಿಯಾಗಿ ಕೊಡಬೇಕು. ಒಮ್ಮೆಲೇ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಅದನ್ನು ಒಂದು ಸಿರಿಂಜಿಗೆ, ನಳಿಕೆ ತೊಳೆಯುವ ಉಪ್ಪುನೀರನ್ನು ಇನ್ನೊಂದಕ್ಕೆ ಎಳೆದಿಟ್ಟೆ. ನೋಡಲು ಎರಡೂ ಒಂದೇ. "ಚೀಟಿ ಅಂಟಿಸದ ಸಿರಿಂಜು ಕಸದ ಬುಟ್ಟಿಗೆ" ಎಂದು ನಮ್ಮ ಪಶು ಆಸ್ಪತ್ರೆಯ ತುರ್ತು ಕೋಣೆಯ ಗೋಡೆಯ ಮೇಲೆ ಬರೆಸಿದವನು ನಾನೇ. ಮರೆತವರಿಗೆ ಎಲ್ಲರೆದುರು ಮಂಗಳಾರತಿ ಎತ್ತುವವನೂ ನಾನೇ. ಅಂದು ನರ್ಸ್, "ಡಾಕ್ಟ್ರೇ, ಚೀಟಿ ಹಾಕ್ಲಾ?" ಎಂದಳು. "ನಮ್ಮನೆ ನಾಯಿ, ನಂಗೊತ್ತು ಬಿಡಮ್ಮ" ಎಂದೆ. ಅಷ್ಟರಲ್ಲಿ ಗುಂಡ ಬಾಲ ಅಲ್ಲಾಡಿಸಿದ. ತಲೆ ಸವರೋಣವೆಂದು ಕೈಯಲ್ಲಿದ್ದ ಉಪ್ಪುನೀರನ್ನು ಟ್ರೇಯಲ್ಲಿಟ್ಟೆ. ಮತ್ತೆ ಎತ್ತಿಕೊಂಡು ಒತ್ತಿದ್ದು ಇನ್ನೊಂದನ್ನು. ಎದೆ ಒತ್ತಿದೆವು, ಏನೇನೋ ಮಾಡಿದೆವು. ಅವನು ಏಳಲಿಲ್ಲ.

ಹಿರಿಯ ಡಾಕ್ಟರಿಗೆ ಅಂದೇ ಹೇಳಿದೆ. "ಮನೆಯವ್ರಿಗೆ ಹೇಳಿದ್ರಾ?" ಎಂದು ಕೇಳಿದರು. "ನಮ್ಮಕ್ಕನೇ ಅಲ್ವಾ ಸಾರ್, ಹೇಳ್ತೀನಿ" ಎಂದೆ. ಹೊರಗೆ ಬಂದರೆ ನೀನು ಕೈ ಹಿಡಿದುಕೊಂಡು, "ನೀನಾದ್ರೂ ಏನ್ ಮಾಡ್ತೀಯೋ, ಬಿಡು" ಎಂದೆ. ನಾನು ಹೂಂ ಎಂದು ತಲೆಯಾಡಿಸಿಬಿಟ್ಟೆ.

ಶನಿವಾರ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಆದರೆ ಪುಟ್ಟಿಗೆ ಹೇಳಲು ಮಾತ್ರ ಶನಿವಾರದವರೆಗೆ ಕಾಯಬೇಡ, ಇದನ್ನು ಈಗಲೇ ಓದಿ ಹೇಳು. ಭಾವನಿಗೆ ನಮಸ್ಕಾರ. ಮಗು ಹೊಟ್ಟೆತುಂಬ ಉಂಡು ಚೆನ್ನಾಗಿರಲಿ.

ಇಂತಿ,
ನಿನ್ನ ತಮ್ಮ

ತಾ.ಕ.: ಪುಟ್ಟಿ ಯಾಕೆ ಉಣ್ಣುತ್ತಿಲ್ಲವೋ ತಿಳಿಯದು ಎಂದಿದ್ದೀಯ. ನನಗೆ ತಿಳಿದಿದೆ. ಅಂದು ನೀನು ಒಳಗೆ ಗುಂಡನ ಪಕ್ಕ ಕೂತಿದ್ದಾಗ ಅವಳು ನನ್ನ ಕೋಟು ಜಗ್ಗಿ, "ಮಾಮ, ನಾನು ಬೆಣ್ಣೆ ಕೊಟ್ಟಿದ್ದಕ್ಕೇ ಸತ್ತೋದ್ನಾ?" ಎಂದು ಕೇಳಿದಳು. ನಾನು ಅವಳ ತಲೆ ಸವರಿ, "ಇನ್ಮೇಲೆ ಹಾಗೆಲ್ಲ ಕೊಡ್ಬಾರ್ದು ಪುಟ್ಟಿ" ಎಂದೆ.