ಜೇಜುರಿಯಲ್ಲಿ ಮಾಡಿಸಿದ ಆಣೆ

ಅಪ್ಪಾ,

ನೀನು ಹೋಗಿ ಆರು ವರ್ಷವಾಯಿತು. ಈ ಕಾಗದವನ್ನು ಎಲ್ಲಿಗೆ ಹಾಕಬೇಕೋ ತಿಳಿಯದು. ಆದರೂ ಇವತ್ತಿನ ಸಂಗತಿಯನ್ನು ನಿನಗೇ ಮೊದಲು ಹೇಳಬೇಕು.

ನಿನ್ನಂತೆ ನನಗೂ ಸಕ್ಕರೆ ಕಾಯಿಲೆ ಬಂದಿದೆ. ಗುಳಿಗೆ ಬರೆಸಿಕೊಳ್ಳಲು ಬಿಬವೇವಾಡಿಯ ದವಾಖಾನೆಗೆ ಹೋಗಿದ್ದೆ. ಡಾಕ್ಟರಮ್ಮ ನಮ್ಮ ಕಲಬುರಗಿ ಕಡೆಯವರು. "ಮನ್ಯಾಗ ಯಾರಿಗಾರ ಲಿವರ್ ತ್ರಾಸ ಇತ್ತೇನ್ರಿ?" ಎಂದು ಕೇಳಿದರು.

"ಅಪ್ಪಗ ಇತ್ರಿ. ಹೊಟ್ಟಿ ಬಾತು ತೀರ್ಕೊಂಡ. ಕುಡೀತಿದ್ದ," ಎಂದೆ.

"ಕುಡಿಯೂದು ನೀವು ನೋಡೀರೇನು?"

ಇಲ್ಲವೆಂದು ತಲೆಯಾಡಿಸಿದೆ. ದಿನಾ ನಿನ್ನ ಗೋಡೆ ಕಟ್ಟುವ ಗವಂಡಿ ಕೆಲಸದ ಚೀಲ ತಡಕುತ್ತಿದ್ದೆ. ಒಮ್ಮೆಯೂ ಬಾಟಲಿ ಸಿಕ್ಕಿರಲಿಲ್ಲ.

"ಸಕ್ರಿ ಬ್ಯಾನಿ ಇದ್ದವರಿಗೆ ಒಂದ್ ಹನಿ ಕುಡೀದಿದ್ರೂ ಲಿವರ್ ಕೆಡಬಹುದ್ರಿ," ಎಂದ ಅವರು, ನನ್ನ ವಯಸ್ಸನ್ನೂ ರಕ್ತದ ರಿಪೋರ್ಟನ್ನೂ ಹಿಡಿದು ಲೆಕ್ಕ ಹಾಕಿದರು. ಮುಂದೆ ನನಗೂ ಅಪಾಯವಿದೆಯೆಂದು ಸ್ಕ್ಯಾನಿಗೆ ಕಳಿಸಿದರು. ಲಿವರ್ ಈಗಷ್ಟೇ ಗಟ್ಟಿಯಾಗತೊಡಗಿದೆಯಂತೆ. "ಅಪ್ಪನ ಸುದ್ದಿ ಹೇಳಿದ್ದು ಭಾಳ ಛಲೋ ಆತು. ಇನ್ನೂ ತಡೀಬಹುದು," ಎಂದರು.

ಹೋದ ಮೇಲೂ ನನ್ನನ್ನು ಕಾಯ್ದೆಯಲ್ಲ ಅಪ್ಪಾ. ರಿಕ್ಷಾದಲ್ಲಿ ಕೂತು ನಿನಗೆ ಕೈಮುಗಿದೆ.

ಆಗ ಜೇಜುರಿ ನೆನಪಾಯಿತು. ಬಾತ ಹೊಟ್ಟೆಯ ನಿನ್ನನ್ನು ಗುಡ್ಡದ ಮೇಲಿನ ಗುಡಿಯ ಅಷ್ಟೂ ಮೆಟ್ಟಿಲು ಹತ್ತಿಸಿದ್ದೆ. ಖಂಡೋಬನ ಮುಂದೆ ನಿನ್ನ ಅಂಗೈಗೆ ಭಂಡಾರದ ಅರಿಶಿನ ಹಾಕಿ, "ಕುಡಿಯೂದು ಬಿಡ್ತೀನಂತ ಆಣಿ ಮಾಡು" ಎಂದು ಹಟ ಹಿಡಿದವಳು ನಾನೇ. ನೀನು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದೆ. ಆಮೇಲೆ ಅರಿಶಿನದ ಕೈಯನ್ನು ನನ್ನ ತಲೆಯ ಮೇಲಿಟ್ಟು ಹೇಳಿದೆ:

"ಆತು ಯಮನವ್ವಾ, ಬಿಡ್ತೀನಿ."