ದಾನಿ ಸಂಖ್ಯೆ ಹದಿನೇಳು

ಮಾರ್ಚ್ ೩, ಬೆಳಿಗ್ಗೆ ೯
ಇನ್‌ಕ್ಯುಬೇಟರ್ ಮೂವತ್ತೇಳು ಡಿಗ್ರಿ. ಸರಿ ಇದೆ. ಯೋನಿಯ ಒಳಪದರದ ಕೋಶಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಸೇರಿಸಿ ಒಂದು ದಿನ. ಮತ್ತೆ ಅದೇ ಫಲ. ಹದಿನೇಳನೇ ದಾನಿಯ ಬ್ಯಾಕ್ಟೀರಿಯಾ ಇರುವಲ್ಲಿ ಹುಳಿ ಹೆಚ್ಚು, ಉರಿಯೂತ ಕಡಿಮೆ. ಕೋಶಗಳು ರೋಗನಿರೋಧಕ ಪಡೆಯನ್ನು ಸುಮ್ಮಸುಮ್ಮನೆ ಕೂಗಿ ಕರೆಯುತ್ತಿಲ್ಲ.

ಹದಿನೇಳು ಯಾರೆಂದು ಲ್ಯಾಬಿನ ಮುಖ್ಯಸ್ಥರು, ನಮ್ಮ ಸಾಹೇಬರಿಗೆ ಗೊತ್ತಿಲ್ಲ. ಗೊತ್ತಾಗಕೂಡದು, ನಿಯಮ. ಹೆಸರಿನ ಪುಸ್ತಕ ನರ್ಸ್ ಅಕ್ಕನ ಬೀರುವಿನಲ್ಲಿ. ದಾನಿಗಳು ಸಾಕಷ್ಟು ಸಿಗದ ವರ್ಷ ಹತ್ತಿಕಡ್ಡಿಯಲ್ಲಿ ಸ್ವಾಬ್ ಮಾದರಿ ಕೊಟ್ಟ ಹದಿನೇಳನೆಯವಳು ನಾನೇ.

ಮಾರ್ಚ್ ೧೯
ಹದಿನೇಳರ ಬಗ್ಗೆ ಕಳೆದ ವರ್ಷ ಕಳಿಸಿದ ಪ್ರಬಂಧ ಅಚ್ಚಾಗಿದೆ. ಐದು ಹೆಸರು. ಆರು ವರ್ಷ ದುಡಿದ ನನ್ನದಿಲ್ಲ. ಸಾಹೇಬರ ಅಳಿಯನದಿದೆ! ಅವನು ಲ್ಯಾಬಿಗೆ ಬಂದದ್ದು ಎರಡು ಸಲ, ಎರಡನೇ ಸಲ ಮರೆತ ಚಾರ್ಜರ್ ಒಯ್ಯಲು.

ಸಾಹೇಬರನ್ನು ಕೇಳಿದೆ.

“ನೋಡಮ್ಮ, ನೀವು ಟೆಕ್ನಿಷಿಯನ್. ಪೈಪೆಟ್ ಹಿಡಿದೋರ ಹೆಸರೆಲ್ಲ ಹಾಕೋಕಾಗತ್ತಾ?”

ನಕ್ಕು ಬಂದೆ. ಊರವರ ಉರಿ ಇಳಿಸುವ ಹದಿನೇಳು, ನನ್ನ ಉರಿಯನ್ನು ಮಾತ್ರ ಇಳಿಸಲಿಲ್ಲ.

ಏಪ್ರಿಲ್ ೨
ದಾನಿಯ ಒಪ್ಪಿಗೆ ಪತ್ರ ಮತ್ತೆ ಓದಿದೆ. ಆರನೇ ಸಾಲು: ದಾನಿ ಯಾವಾಗ ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು; ಮಾದರಿಯನ್ನೂ ಅದರಿಂದ ಬೆಳೆಸಿದ್ದನ್ನೂ ನಾಶಪಡಿಸಲಾಗುವುದು. ಬರೆದವರು ಸಾಹೇಬರೇ. ಮಾಡಿದ್ದುಣ್ಣೋ ಮಹಾರಾಯ.

ಒಪ್ಪಿಗೆ ಹಿಂಪಡೆಯುವ ಪತ್ರಕ್ಕೆ ಸಹಿ ಹಾಕಿ ಕೊಟ್ಟೆ. ನರ್ಸ್ ಅಕ್ಕ ಕನ್ನಡಕದ ಮೇಲಿಂದ ನೋಡಿದಳು.

“ಹಾಲು ಕುಡಿದಷ್ಟು ಸಂತೋಷ ಆಯ್ತು ಕಣೇ.”

ಏಪ್ರಿಲ್ ೪
ಹದಿನೇಳು ಒಪ್ಪಿಗೆ ಹಿಂಪಡೆದ ಸುದ್ದಿ ಮುಟ್ಟಿ ಸಾಹೇಬರು ಬೆವೆತಿದ್ದರು. ಅವಳ ಬ್ಯಾಕ್ಟೀರಿಯಾ ತಳಿ ನೋಡಲು ಮುಂದಿನ ವಾರ ಔಷಧ ಕಂಪನಿಯವರು ಬರುತ್ತಾರಂತೆ.

“ಆ ಹದಿನೇಳು ಯಾವ ಪುಣ್ಯಾತ್ಗಿತ್ತಿನೋ... ನರ್ಸ್ ಮೂಲಕ ನೀವೇ ಮಾತಾಡಿ. ಒಪ್ಪಿಸಿದ್ರೆ ಮುಂದಿನ ಪ್ರಬಂಧದಲ್ಲಿ ನಿಮ್ಮ ಹೆಸರೂ ಸೇರಿಸ್ತೀನಿ.”

“ಕೇಳಿ ನೋಡ್ತೀನಿ ಸರ್.”

ಕೇಳಿದೆ, ಕನ್ನಡಿಯ ಮುಂದೆ. ಒಂದು ಗಳಿಗೆ ಮನಸ್ಸು ಹೊಯ್ದಾಡಿತು. ಹೆಸರು ಬೇಕಿತ್ತು, ನಿಜ. ಭಿಕ್ಷೆಯಾಗಿ ಅಲ್ಲ.

ಏಪ್ರಿಲ್ ೫, ಮಧ್ಯಾಹ್ನ ೩
ಹದಿನೇಳರ ಬ್ಯಾಕ್ಟೀರಿಯಾ ತುಂಬಿದ ನಲವತ್ತೊಂದು ನಳಿಕೆ. ಕೈಯಾರೆ ಬೆಳೆಸಿದವು. ನಾಶಪಡಿಸುವುದೂ ಟೆಕ್ನಿಷಿಯನ್ ಕೆಲಸವೇ. ಸ್ವಲ್ಪ ಅತ್ತೆ. ಬೀಜ ನನ್ನ ಮೈಯಲ್ಲೇ ಇದೆಯಲ್ಲ. ಸ್ವಾಬ್ ಬೇರೆ ಲ್ಯಾಬಿಗೂ ಕೊಡಬಹುದು.

ಬಿಸಿ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಆಟೋಕ್ಲೇವ್ ನೂರಿಪ್ಪತ್ತೊಂದು ಡಿಗ್ರಿ ಮುಟ್ಟಿತು. ನಾಶಪತ್ರಕ್ಕೆ ಸಾಕ್ಷಿ ಸಹಿ ಹಾಕಲು ಸಾಹೇಬರು ಬಂದರು. ಮುಖ ಸುಟ್ಟ ಬದನೆಕಾಯಿ.

“ಏನಂದ್ಲಮ್ಮ ಆಕೆ?”

“ಪೈಪೆಟ್ ಹಿಡಿದೋರ ಹೆಸರು ಹಾಕದ ಕಡೆ ತನ್ನದೇನೂ ಇರೋದು ಬೇಡ ಅಂದ್ಲು ಸರ್.”

ಅವರ ಪೆನ್ನು ನಿಂತಿತು. ನನ್ನನ್ನೇ ನೋಡಿದರು. ಕೈಗವಸು ಬಿಚ್ಚಿದೆ. ಅವರು ಬಾಯಿ ತೆರೆಯುವ ಮೊದಲೇ ನಾನು ನಾಶಪತ್ರದ ಖಾಲಿ ಸಾಲಿನ ಮೇಲೆ ಬೆರಳಿಟ್ಟೆ: “ನಿಮ್ಮ ಹೆಸರು ಇಲ್ಲಿ ಸರ್, ನನ್ನ ಹೆಸರಿನ ಕೆಳಗೆ.”