ಸಮವಾಗಿ ಬಾಗಿದ ಫೋರ್ಕು

ಮಾರ್ಚ್ ೧೪, ಶುಕ್ರವಾರ ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆ

ಪ್ರೀತಿಯ ಲಂಬು,

ನಿನ್ನ ಸೈಕಲ್ಲು ನನ್ನೆದುರು ಸ್ಟ್ಯಾಂಡಿನ ಮೇಲಿದೆ. ಚಕ್ರವಿಲ್ಲ, ಹ್ಯಾಂಡಲ್ಲಿಲ್ಲ, ಬರೀ ಫ್ರೇಮು. ನಾಳೆ ಬೆಳಿಗ್ಗೆ ತುಕ್ಕಣ್ಣನ ವ್ಯಾನು ನೀನಿರುವ ಅಕ್ಕನ ಊರಿಗೆ ಹೊರಡುತ್ತದೆ, ಅದರಲ್ಲಿ ಸೈಕಲ್ಲು ಕಳಿಸು ಎಂದು ನೀನು ಬರೆದಿದ್ದೆ. ಸೈಕಲ್ಲು ಬರುವುದಿಲ್ಲ. ನಾನು ಬರುತ್ತೇನೆ. ಈ ಪತ್ರವನ್ನು ನಾನೇ ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತೇನೆ. ನಿನ್ನ ದವಡೆಗೆ ತಂತಿ ಬಿಗಿದಿರುವಾಗ ನಾನೊಬ್ಬಳೇ ಮಾತಾಡುವುದು ನ್ಯಾಯವಲ್ಲ ಅನ್ನಿಸಿತು. ಅಲ್ಲದೆ ಬಾಯಲ್ಲಿ ಹೇಳಹೊರಟರೆ ಅರ್ಧಕ್ಕೇ ಅಳು ಬರುತ್ತದೆ. ಆಗ ನೀನು ನನ್ನನ್ನು ಸಮಾಧಾನ ಮಾಡಲು ಶುರುಮಾಡುತ್ತೀಯ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ.

ಮೊದಲು ಇಲ್ಲಿನ ಸುದ್ದಿ ಬರೆದುಬಿಡುತ್ತೇನೆ. ಹಲ್ಲಿನ ಡಾಕ್ಟರ ಹಸಿರು ಸೈಕಲ್ಲು ಮುಗಿಯಿತು. ಪೈಪುಗಳು ಕೂಡುವ ಲಗ್ಗುಗಳ ಅಂಚಿಗೆ ಬಂಗಾರದ ಗೆರೆ ಎಳೆದದ್ದು ನಾನೇ. ಅವರು ಬಂದು ಕನ್ನಡಕ ಏರಿಸಿ ಇಳಿಸಿ ನೋಡಿ, ಇದು ಲಂಬುವಿನ ಕೈಯ ಗೆರೆಯೇ ಎಂದು ಹೊಗಳಿ ಹೋದರು. ನಾನು ತಿದ್ದಲಿಲ್ಲ. ಮುಂದಿನ ಬಾಗಿಲು ಮತ್ತೆ ಉಬ್ಬಿಕೊಂಡಿದೆ, ಒದ್ದೇ ತೆರೆಯಬೇಕು. ಅಕ್ಕ ದಿನವೂ ಫೋನು ಮಾಡುತ್ತಾರೆ. ನಿನ್ನೆ, "ನಿನ್ ಗಂಡ ಹುಟ್ಟಿದಾಗಿಂದ ಇದೇ ಮೊದಲ್ನೇ ಸಲ ನನ್ ಮಾತಿಗೆ ಎದುರು ಮಾತಾಡ್ತಿಲ್ಲ ನೋಡು" ಎಂದು ನಕ್ಕರು. ಗಂಜಿಯನ್ನು ಇನ್ನಷ್ಟು ತೆಳ್ಳಗೆ ಮಾಡಬೇಕೇನೋ, ಅರ್ಧ ಲೋಟಕ್ಕೇ ಸಾಕು ಅಂತ ಕೈ ಆಡಿಸಿಬಿಡುತ್ತಾನೆ ಎಂದೂ ಹೇಳಿದರು. ನಾನೂ ನಕ್ಕೆ. ಫೋನು ಇಟ್ಟ ಮೇಲೆ ಆ ಅರ್ಧ ಲೋಟವೇ ಮನಸ್ಸಿನಲ್ಲಿ ಕೂತಿತು.

ಇನ್ನು ಫ್ರೇಮಿನ ವಿಷಯ.

ಆಸ್ಪತ್ರೆಯಲ್ಲಿ ನೀನು ಚೀಟಿಯಲ್ಲಿ ಬರೆದು ತೋರಿಸಿದ್ದು ಇಷ್ಟು: ಬೆಟ್ಟದ ಇಳಿಜಾರಿನ ಕೊನೆಯ ತಿರುವಿನಲ್ಲಿ ನಾಯಿ ಅಡ್ಡ ಬಂತು, ಎರಡೂ ಬ್ರೇಕು ಹಿಡಿದೆ, ಮರಳಿನ ಮೇಲೆ ಚಕ್ರ ಜಾರಿ ಮಗ್ಗುಲಾಗಿ ಬಿದ್ದು, ಉಜ್ಜಿಕೊಂಡು ಹೋಗಿ ಕಲ್ಲುಗೋಡೆಗೆ ಮುಖ ಬಡಿಯಿತು. ಪೊಲೀಸರಿಗೂ ಅದನ್ನೇ ಬರೆದುಕೊಟ್ಟೆ, ಅಕ್ಕನಿಗೂ ಅದನ್ನೇ. ಅಕ್ಕ ಈಗಲೂ ಆ ರಸ್ತೆಯ ನಾಯಿಗಳಿಗೆಲ್ಲ ಶಾಪ ಹಾಕುತ್ತಿದ್ದಾರೆ.

ನಾನು ನಂಬಿದೆ. ಸೈಕಲ್ಲು ಇಲ್ಲಿಗೆ ಬಂದಾಗ ಮುಂದಿನ ಚಕ್ರ ಹಿಡಿಯಲು ಅದಕ್ಕೆ ಬೇರೆ ಯಾವುದೋ ಫೋರ್ಕು ಸಿಕ್ಕಿಸಿದ್ದರು. ಹಳೆಯದು ಹಾಳಾಗಿತ್ತು, ತುಕ್ಕಣ್ಣನಿಗೆ ಹೇಳಿ ಗುಜರಿಗೆ ಹಾಕಿಸಿದೆ ಎಂದು ನೀನು ಬರೆದೆ. ಆಗ ಸ್ವಲ್ಪ ವಿಚಿತ್ರ ಅನ್ನಿಸಿದ್ದು ನಿಜ. ಒಂದು ಪೆಡಲಿನ ಮುಚ್ಚಳಕ್ಕಾಗಿ ಮದುವೆಯಾದ ಹೊಸತರಲ್ಲಿ ನನ್ನನ್ನು ಊರೂರು ಸುತ್ತಿಸಿದವನು ನೀನು. ಫ್ರೇಮಿನ ಜೊತೆಗೇ ಹುಟ್ಟಿದ ಫೋರ್ಕನ್ನು, ಅದೂ ಅದೇ ನಂಬರು ಒತ್ತಿದ್ದನ್ನು, ಬಾಗಿದೆ ಅಂತ ಯಾರಾದರೂ ಎಸೆಯುತ್ತಾರೆಯೇ? ಬಾಗಿದ್ದನ್ನು ಮೊಳೆಗೆ ನೇತುಹಾಕುತ್ತೇವೆ. ನಮ್ಮ ಗೋಡೆಯ ತುಂಬ ಇರುವುದು ಅದೇ. ಆದರೆ ನೋವಿನಲ್ಲಿದ್ದೀಯ, ಬೇಸರದಲ್ಲಿ ಹಾಗೆ ಹೇಳಿರಬೇಕು ಅಂದುಕೊಂಡೆ.

ಆಮೇಲೆ ಬೆರಳಿಗೆ ಸಿಕ್ಕಿತು. ಹಳೆಯ ರೇಸ್ ಸೈಕಲ್ಲು ಕೊಳ್ಳಲು ಹೋದಾಗಲೆಲ್ಲ ನೀನು ಬಣ್ಣ ನೋಡುವುದಿಲ್ಲ, ಹೆಸರು ನೋಡುವುದಿಲ್ಲ. ಮಾತಾಡುತ್ತ ಮಾತಾಡುತ್ತಲೇ ಕೆಳಪೈಪಿನ ಅಡಿಗೆ, ಮುಂದಿನ ಲಗ್ಗಿನ ಹಿಂದೆ, ಹೆಬ್ಬೆರಳು ಓಡಿಸುತ್ತೀಯ. ಅಲ್ಲಿ ಸಣ್ಣ ಅಲೆಯಂಥ ಉಬ್ಬು ಸಿಕ್ಕರೆ, ಕಾಫಿಗೆ ಥ್ಯಾಂಕ್ಸ್ ಹೇಳಿ ಎದ್ದುಬಿಡುತ್ತೀಯ. ಮಗ್ಗುಲಾಗಿ ಬಿದ್ದ ಸೈಕಲ್ಲಿಗೆ ಅಲ್ಲಿ ಏನೂ ಆಗುವುದಿಲ್ಲ. ನೇರ ಹೋಗಿ ಗುದ್ದಿದ್ದಕ್ಕೆ ಮಾತ್ರ ಆ ಅಲೆ ಬರುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ನೀನೇ.

ನಿನ್ನ ಫ್ರೇಮಿನ ಅಡಿಯಲ್ಲಿ ಆ ಅಲೆ ಇತ್ತು. ಮೇಲಿನ ಪೈಪಿನ ಕೆಳಗೂ ಇತ್ತು.

ಬರೆದು ಕೇಳಿದೆ. ಅದು ಹಳೆಯ ಪೆಟ್ಟು, ಮಾರಿದವನು ಪುಟ್ಟಿ ತುಂಬಿ ಬಣ್ಣ ಬಳಿದಿದ್ದ, ಕೊಳ್ಳುವಾಗ ನನಗೂ ಗೊತ್ತಾಗಲಿಲ್ಲ ಎಂದು ನೀನು ಉತ್ತರ ಬರೆದೆ. ನಿನ್ನ ಹೆಬ್ಬೆರಳಿಗೆ ಗೊತ್ತಾಗದ ಪುಟ್ಟಿ. ಅದನ್ನೂ ನಂಬಲು ಪ್ರಯತ್ನಪಟ್ಟೆ, ಲಂಬು. ನಂಬಬೇಕೆಂದೇ ಉಪ್ಪುಕಾಗದ ತಗೊಂಡು ಕೂತೆ, ಪುಟ್ಟಿ ಸಿಗಲಿ ಎಂದು. ನೀಲಿ ಬಣ್ಣ ಹೋಯಿತು, ಅದರಡಿಯ ಬೂದು ಬಣ್ಣ ಹೋಯಿತು, ಸೀದಾ ಉಕ್ಕು ಸಿಕ್ಕಿತು. ಪುಟ್ಟಿಯ ಪುಡಿ ಕೂಡ ಇಲ್ಲ. ಉಜ್ಜುವ ಮೊದಲು ಭೂತಗನ್ನಡಿ ಇಟ್ಟು ನೋಡಿದ್ದೆ. ಬಣ್ಣ ಬಿರಿದ ಗೆರೆಗಳ ಒಳಗೆ ಉಕ್ಕು ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು. ಹಳೆಯ ಪೆಟ್ಟಾಗಿದ್ದರೆ ಅಲ್ಲಿ ಕಂದು ಬಣ್ಣ ಕೂತಿರಬೇಕಿತ್ತು.

ಆದರೂ ಏನೋ ಇರಬಹುದು ಎಂದು ತಳ್ಳಿಹಾಕಿಕೊಂಡೇ ಇದ್ದೆ. ನಿನ್ನೆ ತುಕ್ಕಣ್ಣ ಬಂದ. ಮುಖದ ತುಂಬ ನಗು, ಕಂಕುಳಲ್ಲಿ ಗೋಣಿಚೀಲದಲ್ಲಿ ಸುತ್ತಿದ್ದು ಏನೋ.

"ಅತ್ತಿಗೆ, ಬಯ್ಯಬಾರದು. ಅವ್ನು ಬಿಸಾಕು ಅಂದ. ನಾನು ಹೂಂ ಅಂದೆ. ಗುಜರಿಯವನ ಬಾಗ್ಲ ತನಕ ಹೋಗಿದ್ದೆ ಕಣ್ರೀ, ಕೈ ಬರ್ಲಿಲ್ಲ. ಫ್ರೇಮಿಂದೂ ಇದರದ್ದೂ ಒಂದೇ ನಂಬ್ರು. ಇಂಥದ್ದನ್ನ ಬಿಸಾಕೋಕೆ ನಾನೇನು ಕಟುಕನಾ?"

ಲಂಬುಗೆ ಹೇಳಬೇಡಿ, ವಾಸಿಯಾಗಿ ಬಂದಾಗ ಗೋಡೆಯಲ್ಲಿ ನೋಡಿ ಬೆಚ್ಚಿಬೀಳಲಿ ಎಂದು ಮೇಜಿನ ಮೇಲಿಟ್ಟ. ಅವನಿಗೆ ಏನೂ ಗೊತ್ತಿಲ್ಲ. ಉಡುಗೊರೆ ತಂದವನ ಹಾಗೆ ನಿಂತಿದ್ದ. ನಾನು ಕಾಫಿ ಮಾಡಿಕೊಟ್ಟೆ. ಅವನು ಬಾಗಿಲು ಒದ್ದು ಹೊರಗೆ ಹೋದಮೇಲೆ ಫೋರ್ಕನ್ನು ಕಲ್ಲಿನ ಚಪ್ಪಡಿಯ ಮೇಲಿಟ್ಟು ದಾರ ಹಿಡಿದೆ. ನಿನ್ನ ಬೆಸುಗೆಗೆಲ್ಲ ದಾರ ಹಿಡಿದು ತಪ್ಪು ಹುಡುಕುತ್ತೇನೆ ಅಂತಲೇ ತಾನೇ ನನಗೆ ಹೆಡ್‌ಮೇಷ್ಟ್ರು ಅಂತ ಹೆಸರಿಟ್ಟದ್ದು? ನಿನ್ನೆ ತಪ್ಪು ಸಿಗಲಿ ಎಂದು ಬೇಡಿಕೊಳ್ಳುತ್ತ ಹಿಡಿದೆ. ಒಂದು ಕಾಲು ಕೊಂಚ ತಿರುಚಿಕೊಂಡಿರಲಿ, ಒಂದು ಹೆಚ್ಚು ಒಂದು ಕಡಿಮೆ ಬಾಗಿರಲಿ, ಜಾರಿ ಬಿದ್ದದ್ದರ ಗುರುತು ಎಲ್ಲಾದರೂ ಇರಲಿ.

ಎರಡೂ ಕಾಲು ಒಂದೇ ಸಮ ಹಿಂದಕ್ಕೆ ಬಾಗಿವೆ. ಅಷ್ಟು ಸಮವಾಗಿ ನಾವು ಅಚ್ಚಿನಲ್ಲಿಟ್ಟು ಬಾಗಿಸಿದರೂ ಬರುವುದಿಲ್ಲ. ಆಮೇಲೆ ಪೆಡಲುಗಳನ್ನು ನೋಡಿದೆ, ಹ್ಯಾಂಡಲ್ಲಿನ ತುದಿಗಳನ್ನು ನೋಡಿದೆ, ಸೀಟಿನ ಚರ್ಮದ ಎರಡೂ ಅಂಚು ನೋಡಿದೆ. ಎಲ್ಲಿಯೂ ರಸ್ತೆಗೆ ಉಜ್ಜಿದ ಗೀರಿಲ್ಲ. ಈ ಸೈಕಲ್ಲು ಮಗ್ಗುಲಿಗೆ ಬೀಳಲೇ ಇಲ್ಲ. ತಿರುವಿನಲ್ಲಿ ತಿರುಗಲೂ ಇಲ್ಲ.

ನಾಯಿ ಇರಲಿಲ್ಲ ಅಲ್ಲವಾ?

ಇದನ್ನು ಬರೆದು ಎದ್ದುಹೋಗಿ ಮುಖ ತೊಳೆದುಕೊಂಡು ಬಂದೆ. ಈಗ ಮುಂದಕ್ಕೆ ಬರೆಯುತ್ತೇನೆ.

ನಿನ್ನೆಯಿಂದ ನಾನು ಹಿಂದಿನದನ್ನೆಲ್ಲ ಬಿಚ್ಚಿ ನೋಡುತ್ತಿದ್ದೇನೆ. ದೀಪಾವಳಿಯ ಬಲ್ಬಿನ ಸರದಲ್ಲಿ ಒಂದು ಕೆಟ್ಟರೆ ಎಲ್ಲ ಆರುವ ಹಾಗೆ, ಎಲ್ಲಕ್ಕೂ ಒಂದೇ ಕಾರಣವೇನೂ ಸಿಗಲಿಲ್ಲ. ಸಿಕ್ಕದ್ದು ಸಣ್ಣಪುಟ್ಟವು. ಬಂಗಾರದ ಗೆರೆ ನೀನೇ ಎಳಿ ಎಂದು ಕುಂಚ ನನ್ನ ಕೈಗೆ ಕೊಟ್ಟದ್ದು. ಭಾನುವಾರ ಬೆಳಿಗ್ಗೆ ಸೈಕಲ್ ಗುಂಪಿನವರು ಬಾಗಿಲಲ್ಲಿ ಬೆಲ್ಲು ಬಾರಿಸಿದಾಗ ಮಂಡಿ ನೋವು ಎಂದದ್ದು. ಆಮೇಲೆ ಸಾಮಾನು ಕೊಟ್ಟುಬಿಡಲು ಶುರುಮಾಡಿದ್ದು. ಯಾರಿಗೂ ಮುಟ್ಟಲು ಬಿಡದ ಆ ಚಕ್ರದ ಹಬ್ಬುಗಳನ್ನು ನೀನು ತುಕ್ಕಣ್ಣನಿಗೆ ಕೊಟ್ಟೆ. ಕಪಾಟಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಚೈನ್‌ಚಕ್ರವನ್ನು ಹಲ್ಲಿನ ಡಾಕ್ಟರಿಗೆ ಕೊಟ್ಟೆ. ಮನೆಯಲ್ಲಿ ಕಾಲಿಡಲು ಜಾಗ ಆಯಿತಲ್ಲ ಎಂದು ನಾನು ಸಂಭ್ರಮಪಟ್ಟೆ. ಖಾಲಿಯಾದ ಕಪಾಟಿಗೆ ಹೊಸ ಕಾಗದ ಹಾಸಿ ಹೊದಿಕೆ ಜೋಡಿಸಿದೆ. ಬೇರೆ ಯಾರ ಮನೆಯಲ್ಲಾದರೂ ಗಂಡ ಹಳೆ ಕಬ್ಬಿಣ ಹಂಚಿದರೆ ಹೆಂಡತಿ ಹಬ್ಬ ಮಾಡಬಹುದು. ನಮ್ಮ ಮನೆಯಲ್ಲಿ ನಾನು ಹೆದರಬೇಕಿತ್ತು. ಸಾಮಾನು ಕೂಡಿಡುವವನು ಸುಮ್ಮಸುಮ್ಮನೆ ಕೈ ಬಿಚ್ಚುವುದಿಲ್ಲ.

ಈಗ ನೀನು ಸೈಕಲ್ಲು ಕೇಳುತ್ತಿದ್ದೀಯ. ಒಂದೇ ಒಂದು ಸಲ ಆ ಇಳಿಜಾರಿಗೆ ಹೋಗಿಬರಬೇಕು, ಭಯ ಬಿಟ್ಟುಹೋಗಬೇಕು ಎಂದು ಬರೆದಿದ್ದೀಯ. ಬಿದ್ದ ಸವಾರರೆಲ್ಲ ಹೇಳುವ ಮಾತೇ ಅದು. ನಾನೂ ಒಮ್ಮೆ ಹೇಳಿದ್ದೆ. ಫೋರ್ಕು ನೋಡುವ ಮೊದಲೇ ನಾನು ಯಾಕೋ ನಿಧಾನ ಮಾಡುತ್ತಿದ್ದೆ. ಬಣ್ಣ ಒಣಗಿಲ್ಲ, ಬೇರಿಂಗು ಬಂದಿಲ್ಲ, ಹೆಸರು ಅಂಟಿಸುವ ಡೀಕಾಲು ಸಿಕ್ಕಿಲ್ಲ ಎಂದೆಲ್ಲ ಬರೆದೆನಲ್ಲ, ಎಲ್ಲವೂ ಸುಳ್ಳು. ಬೇರಿಂಗು ಡಬ್ಬಿಯಲ್ಲೇ ಇತ್ತು. ಕಾರಣ ಏನೆಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ, ಅಷ್ಟೆ.

ಇನ್ನೊಂದು ಹೇಳಬೇಕು. ಇವತ್ತು ಬೆಳಿಗ್ಗೆ ಚಕ್ರಗಳನ್ನು ಕೆಳಗಿಳಿಸಿದೆ. ಮುಂದಿನದು ಎಂಟರ ಹಾಗೆ ಮಡಚಿಕೊಂಡಿದೆ, ಅದರಿಂದ ತಿಳಿಯುವುದು ಏನೂ ಇಲ್ಲ. ಹಿಂದಿನ ಟಯರನ್ನು ಬೆಳಕಿಗೆ ಹಿಡಿದು ಇಂಚಿಂಚೂ ತಿರುಗಿಸಿದೆ. ಒಂದು ಕಡೆ, ಉಗುರಿನಷ್ಟು ಜಾಗದಲ್ಲಿ, ರಬ್ಬರು ಸವೆದು ಒಳಗಿನ ಬಟ್ಟೆ ಕಾಣುತ್ತಿದೆ. ಚಕ್ರ ತಿರುಗದೆ ನಿಂತು ರಸ್ತೆಯ ಮೇಲೆ ಎಳೆದುಕೊಂಡು ಹೋದಾಗ ಆಗುವ ಸವೆತ ಅದು. ಗೋಡೆಗೆ ತೀರ ಹತ್ತಿರ ಬಂದಮೇಲೆ ನೀನು ಹಿಂದಿನ ಬ್ರೇಕು ಹಿಡಿದಿದ್ದೀಯ. ಬಲವಾಗಿಯೇ ಹಿಡಿದಿದ್ದೀಯ. ಹೊತ್ತು ಮೀರಿತ್ತು, ಆದರೆ ಹಿಡಿದೆ. ಹಾಗೆ ಹಿಡಿದದ್ದರಿಂದಲೇ ದವಡೆಯೊಂದೇ ಹೋಯಿತು ಎಂದು ನಾನು ನಂಬಿದ್ದೇನೆ. ಅದು ಹಳೆಯ ಸವೆತ ಎಂದು ದಯವಿಟ್ಟು ಬರೆದು ತೋರಿಸಬೇಡ. ಪುಟ್ಟಿಯ ಕಥೆ ಒಂದೇ ಸಾಕು.

ನಾನು ಜಗಳಕ್ಕೆ ಬರುತ್ತಿಲ್ಲ. ಯಾಕೆ ಹಾಗೆ ಮಾಡಿದೆ ಎಂದೂ ಕೇಳುವುದಿಲ್ಲ. ನಿನಗೇ ಗೊತ್ತಿಲ್ಲದಿರಬಹುದು, ಗೊತ್ತಿದ್ದರೂ ಚೀಟಿಯಲ್ಲಿ ಹಿಡಿಸದೆ ಇರಬಹುದು. ಕೇಳುವುದು ಒಂದೇ: ಈಗಲೂ ಹಾಗೆ ಅನ್ನಿಸುತ್ತಿದೆಯೇ? ಹೌದು ಅಥವಾ ಇಲ್ಲ ಎಂದು ಬರೆ. ಹೌದು ಎಂದು ಬರೆದರೆ ನಾನು ಕಿರುಚುವುದಿಲ್ಲ, ಎದ್ದು ಹೋಗುವುದಿಲ್ಲ. ಇಲ್ಲ ಎಂದು ಬರೆದರೆ ಒಂದೇ ಏಟಿಗೆ ನಂಬುವುದೂ ಇಲ್ಲ. ಎರಡಕ್ಕೂ ಸಿದ್ಧಳಾಗಿ ಬರುತ್ತಿದ್ದೇನೆ. ಬಟ್ಟೆ ತುಂಬಿದ ಚೀಲ ಬಾಗಿಲ ಬಳಿ ಇದೆ. ಅಂಗಡಿ ಮುಚ್ಚಿರುತ್ತದೆ. ಯಾರಾದರೂ ಬಂದರೆ ಬೋರ್ಡು ಓದಿಕೊಂಡು ಹೋಗುತ್ತಾರೆ.

ಫ್ರೇಮನ್ನು ನಾನು ನೇರ ಮಾಡುವುದಿಲ್ಲ. ಮಾಡಲು ಬರುತ್ತದೆ. ಎರಡು ಪೈಪು ಬಿಚ್ಚಿ ಹೊಸದು ಕೂರಿಸಿದರೆ ನಿನಗೂ ಗುರುತು ಸಿಗದ ಹಾಗೆ ಮಾಡಬಲ್ಲೆ. ಮಾಡುವುದಿಲ್ಲ. ಅದು ಅಪರೂಪದ್ದು, ಅದರಂಥದ್ದು ಈ ದೇಶದಲ್ಲಿ ಇನ್ನೆರಡು ಇದ್ದರೆ ಹೆಚ್ಚು ಎಂದು ನೀನು ಎಲ್ಲರಿಗೂ ಹೇಳುತ್ತಿದ್ದೆ. ಇರಲಿ. ನನಗೆ ಅಪರೂಪದ್ದು ಯಾವುದು ಎಂದು ಬರೆಯಲು ನಾಚಿಕೆಯಾಗುತ್ತದೆ. ನಾವು ಹಾಗೆಲ್ಲ ಮಾತಾಡಿಕೊಂಡವರಲ್ಲ. ಗಂಡನನ್ನು ನೀನು ಅನ್ನುತ್ತಾಳೆ ಎಂದು ಅಕ್ಕ ಇವತ್ತಿಗೂ ಮುಖ ಸಿಂಡರಿಸುತ್ತಾರೆ. ಆದರೆ ಆ ನೀನು ಎಂಬುದಕ್ಕಿಂತ ಹತ್ತಿರದ ಮಾತು ನನ್ನ ಬಳಿ ಇಲ್ಲ.

ಇದು ನಮ್ಮಿಬ್ಬರಲ್ಲೇ ಇರುತ್ತದೆ. ತುಕ್ಕಣ್ಣನಿಗೆ ಹೇಳುವುದಿಲ್ಲ, ಅಕ್ಕನಿಗೂ ಹೇಳುವುದಿಲ್ಲ. ಅವರ ಪಾಲಿಗೆ ನಾಯಿ ಅಡ್ಡ ಬಂದದ್ದೇ ನಿಜವಾಗಿರಲಿ. ನೀನು ತಲೆ ತಗ್ಗಿಸಬೇಕಾದ ಪರಿಸ್ಥಿತಿ ನನ್ನಿಂದ ಬರುವುದಿಲ್ಲ. ಮಾತು ಕೊಡುತ್ತೇನೆ.

ನಿನ್ನ
ಹೆಡ್‌ಮೇಷ್ಟ್ರು

ಮರೆತ ಮಾತು: ಪತ್ರವನ್ನು ಮೊದಲಿನಿಂದ ಓದಿದೆ. ಕೊನೆಯಲ್ಲಿ ಕೊಟ್ಟಿರುವ ಮಾತನ್ನು ನಾನು ಉಳಿಸಿಕೊಳ್ಳುವುದಿಲ್ಲ. ಆ ಸಾಲುಗಳನ್ನು ಹೊಡೆದುಹಾಕಬಹುದಿತ್ತು. ಆದರೆ ಮಾತು ಕೊಟ್ಟು ಮುರಿದವಳು ಎಂದು ನಿನಗೆ ಗೊತ್ತಿರಲಿ ಎಂದು ಹಾಗೇ ಬಿಟ್ಟಿದ್ದೇನೆ. ನಾಳೆ ನಾನು ತಲುಪುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಅಕ್ಕನ ಮನೆಯ ಜಗಲಿಯಲ್ಲಿ ಭಾವನ ಸೈಕಲ್ಲು ಬೀಗವಿಲ್ಲದೆ ನಿಂತಿರುತ್ತದೆ, ಬೆಟ್ಟದ ರಸ್ತೆ ಗೇಟಿನಿಂದಲೇ ಶುರುವಾಗುತ್ತದೆ. ಇಲ್ಲಿಂದ ಅಲ್ಲಿಯವರೆಗಿನ ಅಷ್ಟೂ ಹೊತ್ತು ನಿನ್ನ ಜೊತೆ ಯಾರಾದರೂ ಇರಬೇಕು, ಯಾಕೆ ಇರಬೇಕೆಂದು ಗೊತ್ತಿದ್ದವರು ಇರಬೇಕು. ನಿನ್ನ ಡಾಕ್ಟರಿಗೂ ಗೊತ್ತಾಗಬೇಕು. ಅವರು ತಂತಿಯೊಂದನ್ನೇ ನೋಡುತ್ತಿದ್ದಾರೆ. ಇದಕ್ಕಾಗಿ ನೀನು ಜನ್ಮವಿಡೀ ನನ್ನೊಡನೆ ಮಾತು ಬಿಟ್ಟರೂ ಬಿಡು. ಬಿಡುವುದಕ್ಕಾದರೂ ನೀನಿರಬೇಕು. ಕವರಿಗೆ ಅಂಟು ಹಚ್ಚಿದ ಕೂಡಲೇ ಅಕ್ಕನಿಗೆ ಫೋನು ಮಾಡುತ್ತೇನೆ.